ಸಿಕ್ಕಿತೆಂದು ಹೇಳಬೇಡಿ, ಜಾರುತ್ತದೆಂದು ಕೂಗಿ!

12 ಡಿಗ್ರಿ 18 ನಿಮಿಷ ಉತ್ತರ, 77 ಡಿಗ್ರಿ 10 ನಿಮಿಷ ಪೂರ್ವ. ಇಷ್ಟು ಬರೆದುಕೊಟ್ಟರೆ ಸಾಕು, ಮದ್ದೂರು ಎಲ್ಲಿ, ಮಳವಳ್ಳಿ ಎಲ್ಲಿ ಎಂದು ಗೊತ್ತೇ ಇಲ್ಲದವರೂ ಶಿವನಸಮುದ್ರದ ಸೀಮೆಗೆ ಬಂದು ನಿಲ್ಲುತ್ತಾರೆ! ಆ ನಿಮಿಷದ ಮುಂದೆ ಒಂದು ಚುಕ್ಕಿಯಿಟ್ಟು ಇನ್ನೂ ಮೂರು ಅಂಕಿ ಸೇರಿಸಿ. ಕೊನೆಯ ಅಂಕಿಯನ್ನು ಒಂದೇ ಒಂದು ಹೆಚ್ಚಿಸಿದರೆ ನೆಲದ ಮೇಲೆ ಎಷ್ಟು ಸರಿದಂತಾಗುತ್ತದೆ ಗೊತ್ತೇ? ಎರಡು ಮೀಟರಿಗೂ ಕಡಿಮೆ. ಎರಡೂ ಕೈ ಚಾಚಿದರೆ ಆಗುವ ಒಂದು ಮಾರು! ಇಡೀ ಭೂಮಂಡಲದಲ್ಲಿ ಒಂದೇ ಒಂದು ಮಾರು ಜಾಗವನ್ನು ಬೊಟ್ಟು ಮಾಡಿ ತೋರಿಸುವ ಈ ಅಂಕಿಗಳನ್ನು ಹಿಡಿದು, ಯಾರೋ ಅಡಗಿಸಿಟ್ಟ ಪುಟ್ಟ ಡಬ್ಬಿಯನ್ನು ಹುಡುಕಿ ಹೊರಡುವ ಆಟವೇ ಜಿಯೋಕ್ಯಾಶಿಂಗ್.

ಅಂಕಿಗಳ ಬೆರಗು ಒಂದು ಕಡೆ ಇರಲಿ. ಈ ಆಟದ ಬಗ್ಗೆ ಓದುತ್ತಾ, ಆಡುವವರ ರೀತಿ ರಿವಾಜು ತಿಳಿಯುತ್ತಾ ಹೋದಂತೆ ನನ್ನನ್ನು ಕೂತಲ್ಲಿ ಕೂರಲು ಬಿಡದೆ ಕಾಡಿದ್ದು ಬೇರೆಯೇ ಒಂದು ಸಂಗತಿ. ಒಂದೇ ಡಬ್ಬಿ ಹುಡುಕುತ್ತಾ ಬಂದ ಇಬ್ಬರು ಅಪರಿಚಿತರು ಒಂದೇ ಬಂಡೆಯ ಬುಡದಲ್ಲಿ ಮುಖಾಮುಖಿಯಾದರೆ ಏನಾಗುತ್ತದೆ? ಜಗಳವಿಲ್ಲ, ಪೈಪೋಟಿಯಿಲ್ಲ. ಬದಲಿಗೆ ಅಲ್ಲೊಂದು ಮೌನ ಹುಟ್ಟುತ್ತದೆ. ಗೊತ್ತಿದ್ದೂ ಹೇಳದಿರುವ ಮೌನ. ಇಷ್ಟು ಸೊಗಸಾದ ಸೌಜನ್ಯವನ್ನು ನಾನು ಬೇರೆ ಯಾವ ಆಟದಲ್ಲೂ ಕಂಡಿಲ್ಲ!

ಆಟ ಹುಟ್ಟಿದ ಕಥೆಯೂ ರೋಮಾಂಚಕವೇ. ಜಿಪಿಎಸ್ ಉಪಗ್ರಹಗಳ ಸಂಕೇತಕ್ಕೆ ಅಮೆರಿಕದ ಸೇನೆ ಬೇಕೆಂದೇ ಒಂದಿಷ್ಟು ತಪ್ಪು ಬೆರೆಸುತ್ತಿತ್ತು. ಜನಸಾಮಾನ್ಯರ ಕೈಯಲ್ಲಿದ್ದ ಯಂತ್ರಗಳು ನೂರು ಮೀಟರಿನಷ್ಟು ಆಚೀಚೆ ತೋರಿಸುತ್ತಿದ್ದವು. 2000ದ ಮೇ 1ರ ನಡುರಾತ್ರಿ, ಅಧ್ಯಕ್ಷ ಬಿಲ್ ಕ್ಲಿಂಟನ್ ಅವರ ಆದೇಶದಂತೆ, ಆ ಕಲಬೆರಕೆ ನಿಂತಿತು. ಬೆಳಗಾಗುವಷ್ಟರಲ್ಲಿ ಜಗತ್ತಿನ ಜಿಪಿಎಸ್ ಯಂತ್ರಗಳೆಲ್ಲ ಹತ್ತು ಪಟ್ಟು ಚುರುಕಾಗಿಬಿಟ್ಟಿದ್ದವು! ಮೇ 3ರಂದು ಆರೆಗಾನ್ ರಾಜ್ಯದ ಬೀವರ್‌ಕ್ರೀಕ್ ಬಳಿ ಡೇವ್ ಅಲ್ಮರ್ ಎಂಬವರು ಒಂದು ಕಪ್ಪು ಬಕೆಟ್ಟನ್ನು ಅರ್ಧ ಹೂತಿಟ್ಟು, ಅದರ ಅಂಕಿಗಳನ್ನು ಅಂತರ್ಜಾಲದಲ್ಲಿ ಹಾಕಿದರು. ಒಳಗಿದ್ದದ್ದು ಪುಸ್ತಕ, ಒಂದಿಷ್ಟು ದುಡ್ಡು, ಒಂದು ಕ್ಯಾಟರ್‌ಬಿಲ್ಲು, ಒಂದು ಡಬ್ಬಿ ಬೀನ್ಸ್ ಕಾಳು. ಮೂರೇ ದಿನದೊಳಗೆ ಇಬ್ಬರು ಅದನ್ನು ಹುಡುಕಿದರು. ಇವತ್ತು ಲೋಕದ ತುಂಬ ಇಂಥ 30 ಲಕ್ಷಕ್ಕೂ ಹೆಚ್ಚು ಅಡಗುತಾಣಗಳಿವೆ.

ಈಗ ಆ ಮುಖಾಮುಖಿಗೆ ಬರೋಣ.

ನೀವು ಫೋನಿನಲ್ಲಿ ದಿಕ್ಕು ತೋರುವ ಬಾಣದ ಗುರುತು ನೋಡುತ್ತಾ ಬರುತ್ತೀರಿ. ಫೋನಿನ ಜಿಪಿಎಸ್ ತೆರೆದ ಬಯಲಿನಲ್ಲೂ ಐದು ಮೀಟರ್ ಹತ್ತಿರಕ್ಕೆ ತಂದು ನಿಲ್ಲಿಸಿ ಕೈಬಿಡುತ್ತದೆ. ಮುಂದಿನದು ಕಣ್ಣಿನ ಕೆಲಸ, ಕೈಯ ಕೆಲಸ. ಅಲ್ಲಿ ನಿಮಗಿಂತ ಮೊದಲೇ ಒಬ್ಬರು ಬೇರಿನ ಸಂದಿಗೆ ಕೈ ಹಾಕುತ್ತಾ ನಿಂತಿದ್ದಾರೆ. ಏನು ಮಾಡಬೇಕು? ನೇರವಾಗಿ ಹೋಗಿ ಡಬ್ಬಿಯ ವಿಚಾರ ಎತ್ತುವ ಹಾಗಿಲ್ಲ. ಅವರು ಬೇರೇನೋ ಹುಡುಕುತ್ತಿರಬಹುದು. ಒಂದು ನಮಸ್ಕಾರ, ಒಂದು ನಗೆ. ಅವರ ಕೈಯ ಫೋನಿನಲ್ಲೂ ಅದೇ ಬಾಣ ಕಂಡರೆ ಗುಟ್ಟು ತಾನೇ ಬಯಲಾಯಿತು! ಆಮೇಲೆ ಆಟದ ಹೆಸರುಗಳ ವಿನಿಮಯ. ನಮ್ಮಲ್ಲಿ "ಯಾವೂರು? ಯಾರ ಮನೆಯವರು?" ಎಂದು ಕೇಳುವುದೇ ಮರ್ಯಾದೆ. ಇಲ್ಲಿ ಊರು, ಕೆಲಸ, ಜಾತಿ ಯಾವುದೂ ಬೇಕಿಲ್ಲ. ಡಬ್ಬಿಯೊಳಗಿನ ಲಾಗ್‌ಬುಕ್ಕಿನಲ್ಲಿ ಬರೆಯುವ ಅಡ್ಡಹೆಸರೊಂದಿದ್ದರೆ ಸಾಕು, ವರ್ಷಗಳಿಂದ ಅವರ ಬರಹ ಕಂಡಿದ್ದವರು ತಬ್ಬಿಕೊಳ್ಳುವಷ್ಟು ಹತ್ತಿರದವರಾಗುತ್ತಾರೆ.

ಇನ್ನು ಹುಡುಕಾಟ. ನಿಮಗೆ ಮೊದಲು ಸಿಕ್ಕಿಬಿಟ್ಟಿತು ಅನ್ನಿ. ಕುಣಿದಾಡುವಂತಿಲ್ಲ, ಆ ಜಾಗವನ್ನು ಮತ್ತೆ ತಿರುಗಿ ನೋಡುವಂತೆಯೂ ಇಲ್ಲ. ಕಣ್ಣೋಟವೇ ಸುಳಿವಾಗಿಬಿಡುತ್ತದೆಯಲ್ಲ! ಮುಟ್ಟದೆ, ಮುಖದಲ್ಲಿ ತೋರಗೊಡದೆ, ದೂರ ಸರಿದು ಕೂತು, ನಿಗದಿಯಾದ ಒಂದು ಮಾತು ಹೇಳಬೇಕು. ಇಂಗ್ಲಿಷ್ ಮಾತಾಡುವ ದೇಶಗಳ ಆಟಗಾರರು ಮಕ್ಕಳ ಆಟದಿಂದ ತಂದುಕೊಂಡ ಆ ಮಾತು "ಹಕಲ್ ಬಕಲ್ ಬೀನ್‌ಸ್ಟಾಕ್". ಕೇಳಿದವರಿಗೆ ಇವರಿಗೆ ಸಿಕ್ಕಿದೆ ಎಂದಷ್ಟೇ ಗೊತ್ತಾಗುತ್ತದೆ, ಎಲ್ಲಿ ಎಂದು ತಿಳಿಯುವುದಿಲ್ಲ. ಎಲ್ಲರಿಗೂ ಸಿಕ್ಕ ಮೇಲೆಯೇ ಡಬ್ಬಿ ಹೊರಬರುವುದು. ಇನ್ನು ಕೆಲವು ಗುಂಪುಗಳಲ್ಲಿ ಒಬ್ಬರಿಗೆ ಸಿಕ್ಕಿದರೆ ಎಲ್ಲರಿಗೂ ಸಿಕ್ಕಂತೆ. ಯಾವ ಪದ್ಧತಿ ಎಂದು ಹುಡುಕುವ ಮೊದಲೇ ಮಾತಾಡಿಕೊಳ್ಳುತ್ತಾರೆ. ಯಾರೂ ಇನ್ನೂ ಕಂಡಿರದ ಹೊಸ ಡಬ್ಬಿಯ ಬಳಿ ಇಬ್ಬರು ಒಟ್ಟಿಗೇ ತಲುಪಿದರೆ ಮೊದಲಿಗರೆಂಬ ಕೀರ್ತಿಯನ್ನು ಇಬ್ಬರೂ ಹಂಚಿಕೊಳ್ಳುವುದೂ ವಾಡಿಕೆ. ಮಕ್ಕಳು ಜೊತೆಯಲ್ಲಿದ್ದರಂತೂ ಮುಚ್ಚಳ ತೆರೆಯುವ ಕೈ ಮಕ್ಕಳದೇ ಆಗಬೇಕು ಎನ್ನುತ್ತೇನೆ ನಾನು.

ಆ ಡಬ್ಬಿಯನ್ನು ಹತ್ತಿರದಿಂದ ನೋಡಿ. ಎಷ್ಟೋ ಸಲ ಅದು ಹಳೆಯ ಫಿಲ್ಮ್ ರೋಲಿನ ಡಬ್ಬಿಯಷ್ಟೇ. ಒಳಗೆ ಬೀಡಿಯಷ್ಟು ದಪ್ಪಕ್ಕೆ ಸುರುಳಿ ಸುತ್ತಿದ ಕಾಗದದ ಪಟ್ಟಿ, ಅದರ ಮೇಲೆ ತಾರೀಖು, ಹೆಸರು, ತಾರೀಖು, ಹೆಸರು. ನಿಮಗಿಂತ ಮೊದಲು ಬಂದವರೆಲ್ಲ ಅಲ್ಲಿ ಸಾಲಾಗಿ ನಿಂತಿದ್ದಾರೆ! ನಿಮ್ಮ ಹೆಸರು ಬರೆಯಿರಿ, ಪಕ್ಕದಲ್ಲಿರುವವರಿಗೆ ಪೆನ್ನು ಕೊಡಿ. ಅವರು ಬರೆದ ಮೇಲೆ ಮೊದಲಿದ್ದಂತೆಯೇ ಸುತ್ತಿ, ಮೊದಲಿದ್ದ ಸಂದಿಯಲ್ಲೇ ಇಡಿ. ಇನ್ನೂ ಒಳ್ಳೆಯ ಜಾಗ ಕಂಡರೂ ಬದಲಿಸುವ ಹಕ್ಕು ನಿಮಗಿಲ್ಲ, ಅದು ಇಟ್ಟವರದು.

ಈ ಕಟ್ಟುಪಾಡುಗಳನ್ನೆಲ್ಲ ತಲೆಯಲ್ಲಿ ತುಂಬಿಕೊಂಡು ಗಗನಚುಕ್ಕಿಯ ಎದುರಿನ ವೀಕ್ಷಣಾ ಕಟ್ಟೆಯ ಮೇಲೆ ನಿಂತೆ. ಕಾವೇರಿ ಇಲ್ಲಿ ಎರಡಾಗಿ ಸೀಳಿ, ನಡುಗಡ್ಡೆಯನ್ನು ಬಳಸಿ, ಒಂದು ಕವಲು ಗಗನಚುಕ್ಕಿಯಾಗಿ, ಇನ್ನೊಂದು ಭರಚುಕ್ಕಿಯಾಗಿ ಧುಮುಕುತ್ತದೆ. ಕಾಲ ಕೆಳಗಿನ ಶಿಲೆ ಇನ್ನೂರೈವತ್ತು ಕೋಟಿ ವರ್ಷಗಳಿಗೂ ಹಳೆಯದು! ಫೋನಿನಲ್ಲಿ ಭರಚುಕ್ಕಿಯ ಅಂಕಿ ಹಾಕಿದೆ. ಬಾಣ ಸೀದಾ ಕಣಿವೆಯ ಕಡೆಗೆ ತಿರುಗಿತು, ಹೊಳೆ ಹಾರಿ ಹೋಗು ಎನ್ನುವಂತೆ. ಬಾಣಕ್ಕೆ ಗೊತ್ತಿರುವುದು ಹದ್ದಿನ ದಾರಿ ಮಾತ್ರ. ನಮ್ಮ ದಾರಿ ಹಿಂದಕ್ಕೆ ಹೋಗಿ, ಸೇತುವೆ ದಾಟಿ, ಮಂಡ್ಯ ಜಿಲ್ಲೆಯಿಂದ ಚಾಮರಾಜನಗರ ಜಿಲ್ಲೆಗೆ ಕಾಲಿಟ್ಟು, ಸುತ್ತಿ ಬಳಸಿ ತಲುಪುವುದು. ದಾರಿಯಲ್ಲಿ ಹತ್ತೊಂಬತ್ತನೇ ಶತಮಾನದ ಮೊದಲ ಭಾಗದಲ್ಲಿ ರಾಮಸ್ವಾಮಿ ಮೊದಲಿಯಾರ್ ಕಟ್ಟಿಸಿದ ವೆಸ್ಲಿ ಸೇತುವೆಯ ಕಲ್ಲುಕಂಬಗಳು. 2018ರ ಪ್ರವಾಹ ಅದರ ಒಂದು ಭಾಗವನ್ನೇ ಕೊಚ್ಚಿಕೊಂಡು ಹೋಯಿತು.

ಇನ್ನೊಂದು ವಿಸ್ಮಯ ಕೇಳಿ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ತಿರುಗುವ ನಾಲ್ಕು ಉಪಗ್ರಹಗಳಾದರೂ ಒಟ್ಟಿಗೆ ಕಂಡರೆ ಫೋನು ತನ್ನ ಜಾಗ ಲೆಕ್ಕ ಹಾಕುತ್ತದೆ. ಸಂಕೇತ ಬಂದ ಸಮಯ ಅಳೆಯುವ ಗಡಿಯಾರ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು ತಪ್ಪಿದರೂ ಲೆಕ್ಕ 300 ಮೀಟರ್ ತಪ್ಪುತ್ತದೆ! ಕಡಿದಾದ ಬಂಡೆಗೋಡೆಗೆ ಬಡಿದು ಬರುವ ಸಂಕೇತವಂತೂ ಅಡ್ಡದಾರಿಯಲ್ಲಿ ಬಂದದ್ದು, ತಡವಾಗಿ ಬಂದದ್ದು. ಅದಕ್ಕೇ ಕಣಿವೆಯ ಅಂಚಿನಲ್ಲಿ ಬಾಣ ಕುಣಿಯತೊಡಗುತ್ತದೆ. ನಿಮ್ಮ ಫೋನು ಎಡಕ್ಕೆಂದರೆ ಪಕ್ಕದವರ ಫೋನು ಬಲಕ್ಕೆನ್ನುತ್ತದೆ. ಇಬ್ಬರ ಅಂಕಿಗಳನ್ನೂ ಹೋಲಿಸಿ ನೋಡುವುದಕ್ಕೆ ಆಟದ ರಿವಾಜಿನ ಅಡ್ಡಿಯೇನಿಲ್ಲ. ಅಪರಿಚಿತರು ಹೆಗಲಿಗೆ ಹೆಗಲು ತಾಗಿಸಿ ಪರದೆ ನೋಡುವುದು ಶುರುವಾಗುವುದೇ ಇಂಥ ಕಡೆ.

ಹಾಗಾದರೆ ಶಿವನಸಮುದ್ರದಲ್ಲಿ ಡಬ್ಬಿ ಎಲ್ಲಿಡಬಹುದು? ಯೋಚಿಸುತ್ತಾ ಹೋದಂತೆ ಎಲ್ಲ ಬಾಗಿಲೂ ಮುಚ್ಚುತ್ತವೆ. ಮಧ್ಯರಂಗನ ಗುಡಿ, ಸೋಮೇಶ್ವರನ ಗುಡಿ, ದರ್ಗಾ ಇರುವ ಕಡೆ ಯಾರೋ ತಂದಿಟ್ಟ ಡಬ್ಬಿ ಆತಂಕ ಹುಟ್ಟಿಸುತ್ತದೆ. 1902ರಲ್ಲಿ 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಕರೆಂಟು ಕಳಿಸಿದ, 1905ರಲ್ಲಿ ಬೆಂಗಳೂರಿಗೆ ಬೆಳಕು ಕೊಟ್ಟ, ಬ್ಲಫ್ ಎಂಬಲ್ಲಿನ ವಿದ್ಯುದಾಗಾರ ಕಾವಲಿನ ಜಾಗ. ಕೆಳಗಡೆ ಕಾವೇರಿ ವನ್ಯಧಾಮದ ಕಾಡು. ಆದರೆ ಡಬ್ಬಿಯೇ ಇಲ್ಲದ ಆಟವೂ ಒಂದಿದೆ! ಅಮೆರಿಕದ ಭೂವಿಜ್ಞಾನ ಸಂಘದ ನೆರವಿನಿಂದ 2004ರಲ್ಲಿ ಶುರುವಾದ ಅರ್ಥ್‌ಕ್ಯಾಶ್. ಅಲ್ಲಿ ನಿಸರ್ಗವೇ ನಿಧಿ. ಹೋಗಿ ನಿಂತು ನೋಡಿ, ಕೇಳಿದ ಪ್ರಶ್ನೆಗಳಿಗೆ ಉತ್ತರ ಕಂಡುಕೊಂಡು ಕಳಿಸಬೇಕು. ಶಿಲೆ ಎಲ್ಲಿ ಬಿರುಕು ಬಿಟ್ಟಿದೆ, ನೀರು ಒಂದೇ ಜಿಗಿತಕ್ಕೆ ಬೀಳುತ್ತದೋ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೋ, ಯಾಕೆ? ಈ ಎರಡು ಜಲಪಾತಗಳಿಗೆ ಹೇಳಿ ಮಾಡಿಸಿದ ಆಟ ಇದು. ಇಲ್ಲಿಯೂ ಅದೇ ಸೌಜನ್ಯ: ಪಕ್ಕದಲ್ಲಿ ನಿಂತವರಿಗೆ ನಿಮ್ಮ ಉತ್ತರ ಹೇಳಕೂಡದು. "ಆ ಬಂಡೆ ನೋಡಿದ್ರಾ?" ಎನ್ನುವ ತನಕ ಸರಿ, ಅದರಾಚೆ ಅವರ ಕಣ್ಣಿಗೇ ಬಿಡಬೇಕು.

ಆಟದ ಹೊರಗಿನವರ ಜೊತೆ ಮಾತ್ರ ಈ ಗುಟ್ಟಿನ ಬಿಗಿ ಸಡಿಲಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಹೊರಗಿನವರ ಕಣ್ಣಿಗೆ ಬೀಳದಂತೆ ಹುಡುಕುವುದು ಬೇರೆ ದೇಶಗಳಲ್ಲಿ ಜಾಣತನ. ನಮ್ಮ ಸೀಮೆಯಲ್ಲಿ ನಿಧಿ ಆಸೆಗೆ ಹಳೆಯ ಗುಡಿಗಳ ಬುಡ ಅಗೆದವರಿದ್ದಾರೆ, ಶಾಸನದ ಕಲ್ಲು ಕಿತ್ತವರಿದ್ದಾರೆ. ಅದರಲ್ಲೂ ಇದು ಉಮ್ಮತ್ತೂರಿನ ಗಂಗರಾಜನ ಕೋಟೆಯಿದ್ದ ನೆಲ. ಕಲ್ಲುಸಂದಿಗೆ ಕೈ ಹಾಕುವ ಪರವೂರಿನವರನ್ನು ಜನ ಅನುಮಾನದಿಂದ ನೋಡಿದರೆ ಅದು ಅವರ ಎಚ್ಚರ, ತಪ್ಪಲ್ಲ. ಆದರೂ ಮಂಡ್ಯದ ಜನ ಮೊದಲು ಕೇಳುವುದು, "ಏನ್ ಕಳ್ಕಂಡ್ರಿ ಸಾ?" ಎಂದೇ! ಹುಡುಕಿಕೊಡಲು ಸಿದ್ಧರಾಗಿಯೇ ಕೇಳುವ ಮಾತದು. ಅವರಿಗೆ ಸುಳ್ಳು ಹೇಳಬೇಡಿ. ಫೋನು ತೋರಿಸಿ, ಆಟ ವಿವರಿಸಿ.

ಮೌನ ಪೂರ್ತಿ ಮುರಿಯಲೇಬೇಕಾದ ಸಂದರ್ಭವೂ ಒಂದಿದೆ. ಮಳೆಗಾಲದಲ್ಲಿ ಕನ್ನಂಬಾಡಿಯಿಂದ, ಕಬಿನಿಯಿಂದ ನೀರು ಬಿಟ್ಟರೆ ಇಲ್ಲಿ ಹೊಳೆ ಏರುತ್ತದೆ. ಮಳೆ ಬಿದ್ದದ್ದು ಕೊಡಗಿನಲ್ಲೋ ವಯನಾಡಿನಲ್ಲೋ ಇರಬಹುದು, ಇಲ್ಲಿ ಆಕಾಶ ಶುಭ್ರವಾಗಿಯೇ ಇರುತ್ತದೆ. ಪಾಚಿ ಹಿಡಿದ ಬಂಡೆಗೆ ಯಾರ ಕಾಲಿನ ಮೇಲೂ ಕರುಣೆಯಿಲ್ಲ. ಬಾಣ ನೋಡುತ್ತಾ ನಡೆಯುವವರಿಗೆ ಅಂಚು ಕಾಣುವುದಿಲ್ಲ. ಎದುರಿನವರು ಕಂಬಿ ದಾಟುತ್ತಿದ್ದರೆ ಆಟ, ಗುಟ್ಟು, ಸೌಜನ್ಯ ಎಲ್ಲ ಬದಿಗಿಟ್ಟು ಕೂಗಬೇಕು. ಎಲ್ಲಿದೆ ಎಂದು ಹೇಳದಿರುವುದು ಎಷ್ಟು ದೊಡ್ಡ ಪ್ರೀತಿಯೋ ಇದೂ ಅಷ್ಟೇ ದೊಡ್ಡ ಪ್ರೀತಿ. ಜೋರಾಗಿ ಕೂಗಿ, ಗಗನಚುಕ್ಕಿಯ ಭೋರ್ಗರೆತದಲ್ಲಿ ಮೆಲುದನಿ ಕೇಳಿಸುವುದಿಲ್ಲ!

ಈ ಆಟಗಾರರಿಗೆ 2002ರಿಂದ ಇನ್ನೊಂದು ಒಳ್ಳೆಯ ಚಾಳಿಯಿದೆ. ಹುಡುಕಲು ಹೋದ ಜಾಗದ ಕಸವನ್ನು ಹೆಕ್ಕಿಕೊಂಡೇ ಮರಳುವುದು. ಭರಚುಕ್ಕಿಯ ಮೆಟ್ಟಿಲುಗಳಲ್ಲಿ, ಗಗನಚುಕ್ಕಿಯ ಕಟ್ಟೆಯ ಸುತ್ತ ಅದಕ್ಕೆ ಬೇಕಾದಷ್ಟು ಕೆಲಸವಿದೆ. ಮದ್ದೂರಿನಲ್ಲಿ ವಡೆ ಕಟ್ಟಿಸಿಕೊಂಡು ಹೊರಟವರು ಮಳವಳ್ಳಿ ದಾಟುವ ಮುನ್ನ ಎರಡು ಖಾಲಿ ಚೀಲ ಇಟ್ಟುಕೊಳ್ಳಿ. ಒಂದು ನಿಮಗೆ, ಇನ್ನೊಂದು ಅಲ್ಲಿ ಸಿಗಲಿರುವ ಅಪರಿಚಿತರಿಗೆ.