ದುಶ್ಚಟಗಳನ್ನು ಬೇಡಿದ ಜೋಳಿಗೆ

ಜಂಗಮನ ಹೆಗಲ ಮೇಲಿನ ಜೋಳಿಗೆಯು ಉತ್ತರ ಕರ್ನಾಟಕದ ಮನೆಮನೆಗೂ ಪರಿಚಿತವಾದುದು. ಅದರಲ್ಲಿ ಜೋಳ, ಹಿಟ್ಟು, ರೊಟ್ಟಿ, ಕಾಣಿಕೆಗಳು ಬೀಳುವುದು ವಾಡಿಕೆ. ಆದರೆ 1975ರಲ್ಲಿ ಇಳಕಲ್ಲಿನ ಶ್ರೀ ವಿಜಯಮಹಾಂತೇಶ್ವರ ಮಠದ ಪೂಜ್ಯ ಮಹಾಂತ ಶಿವಯೋಗಿಗಳು ಜೋಳಿಗೆಯನ್ನು ಹಿಡಿದು ಹೊರಟಾಗ ಬೇಡಿದ್ದು ಧಾನ್ಯವನ್ನಲ್ಲ, ಹಣವನ್ನೂ ಅಲ್ಲ, ಭಕ್ತರ ದುಶ್ಚಟಗಳನ್ನು. ಬೀಡಿ, ತಂಬಾಕು, ಸೆರೆ, ಜೂಜು ಇವುಗಳಲ್ಲಿ ಯಾವುದಕ್ಕೆ ಮನಸ್ಸು ಸೆರೆಯಾಗಿದೆಯೋ ಅದನ್ನು ಈ ಜೋಳಿಗೆಗೆ ಹಾಕಿರೆಂದು ಅವರು ಕೇಳಿಕೊಂಡರು. ‘ಮಹಾಂತ ಜೋಳಿಗೆ’ ಎಂದು ಪ್ರಸಿದ್ಧವಾದ ಈ ಕಾರ್ಯವು ನಾಲ್ಕು ದಶಕಗಳಿಗೂ ಮಿಕ್ಕಿ ನಡೆಯಿತು. ಶಿವಯೋಗಿಗಳು 2018ರಲ್ಲಿ ಲಿಂಗೈಕ್ಯರಾದರು. 1930ರ ಆಗಸ್ಟ್ 1 ಅವರ ಜನ್ಮದಿನವಾದುದರಿಂದ ಆ ದಿನವನ್ನು ಕರ್ನಾಟಕ ಸರಕಾರವು ‘ವ್ಯಸನಮುಕ್ತ ದಿನ’ವೆಂದು ಆಚರಣೆಗೆ ತಂದಿದೆ. ಶಾಲೆಗಳಲ್ಲಿ ಅಂದು ಪ್ರತಿಜ್ಞೆ ಬೋಧಿಸುವುದುಂಟು. ಪ್ರತಿಜ್ಞೆಯನ್ನು ಉಚ್ಚರಿಸುವ ಬಾಲಕನಿಗೆ ಆ ಜೋಳಿಗೆಯ ಒಳಗುಟ್ಟು ತಿಳಿದಿರುವುದು ಮೇಲು.

‘ವ್ಯಸನ’ವೆಂಬ ಶಬ್ದವನ್ನೇ ಮೊದಲು ಬಿಡಿಸಿ ನೋಡಬಹುದು. ‘ವಿ’ ಎಂಬ ಉಪಸರ್ಗ, ಎಸೆಯುವಿಕೆಯನ್ನು ಹೇಳುವ ‘ಅಸ್’ ಎಂಬ ಧಾತು. ಮನುಷ್ಯನನ್ನು ಅವನ ನೆಲೆಯಿಂದ ದೂರಕ್ಕೆ ಎಸೆದುಬಿಡುವುದು ವ್ಯಸನ. ಸಂಸ್ಕೃತದಲ್ಲಿ ವಿಪತ್ತಿಗೂ ಚಟಕ್ಕೂ ಇದೊಂದೇ ಹೆಸರು. ಕನ್ನಡದಲ್ಲಿ ದುಃಖವನ್ನೂ ಇದೇ ಶಬ್ದ ಹೇಳುತ್ತದೆ. ಕುಡಿತವುಳ್ಳ ಮನೆಯ ಗೃಹಿಣಿಗೆ ಈ ಮೂರರ್ಥಗಳೂ ನಿಘಂಟಿನ ನೆರವಿಲ್ಲದೆ ತಿಳಿದಿರುತ್ತವೆ. ಮನುಸ್ಮೃತಿಯು ಕಾಮದಿಂದ ಹುಟ್ಟುವ ಹತ್ತು, ಕ್ರೋಧದಿಂದ ಹುಟ್ಟುವ ಎಂಟು, ಒಟ್ಟು ಹದಿನೆಂಟು ವ್ಯಸನಗಳನ್ನು ಎಣಿಸುತ್ತದೆ. ಮದ್ಯವೂ ಜೂಜೂ ಮೊದಲ ಗುಂಪಿನಲ್ಲಿವೆ. ಕಠೋರವಾದ ಮಾತು ಎರಡನೆಯದರಲ್ಲಿದೆ. ಚಟಕ್ಕೆ ಬಿದ್ದವನನ್ನು ಊರೆಲ್ಲ ಕೇಳುವಂತೆ ಬೈಯುವ ಹಿರಿಯರು ಈ ಎರಡನೆಯ ಗುಂಪನ್ನು ಸಾಮಾನ್ಯವಾಗಿ ಮರೆತಿರುತ್ತಾರೆ.

ಅರಿವೊಂದರಿಂದಲೇ ವ್ಯಸನವು ಹರಿಯುವುದೆಂದು ಭಾವಿಸುವುದು ಸರಿಯಲ್ಲ. ಧರ್ಮಜ್ಞರಲ್ಲಿ ಅಗ್ರಗಣ್ಯನಾದ ಧರ್ಮರಾಯನು ಒಮ್ಮೆ ಸರ್ವಸ್ವವನ್ನೂ ಕಳೆದುಕೊಂಡು, ಧೃತರಾಷ್ಟ್ರನ ದಯೆಯಿಂದ ಅದನ್ನೆಲ್ಲ ಮರಳಿ ಪಡೆದ ಮೇಲೂ ಮರುಜೂಜಿಗೆ ಬಂದು ಕುಳಿತನು. ದ್ಯೂತದ ಕೇಡು ಆತನಿಗೆ ತಿಳಿಯದುದೇ? ಇಂದು ಓಸಿಯ ಚೀಟಿ ಬರೆಸುವವನಿಗೂ, ಮೊಬೈಲಿನಲ್ಲಿ ಹಣ ಕಟ್ಟಿ ಇಸ್ಪೀಟು ಆಡುವ ತರುಣನಿಗೂ ಲೆಕ್ಕ ಬಾರದೆ ಇಲ್ಲ. ಆದುದರಿಂದ ಉಪದೇಶಕ್ಕಿಂತ ಬೇರೆಯಾದ ಉಪಾಯವೊಂದು ಬೇಕಾಗುತ್ತದೆ.

ಜೋಳಿಗೆಯ ವೈಶಿಷ್ಟ್ಯವು ಕಾಣುವುದು ಇಲ್ಲಿಯೇ. ಲೋಕರೂಢಿಯಲ್ಲಿ ವ್ಯಸನಿಯು ಅಪರಾಧಿ, ಬುದ್ಧಿ ಹೇಳುವವನು ನ್ಯಾಯಾಧೀಶ. ಮಹಾಂತ ಜೋಳಿಗೆಯ ಮುಂದೆ ಈ ಸ್ಥಾನಗಳು ಅದಲುಬದಲಾದವು. ಗುರುವು ಬೇಡುವವನಾದನು, ವ್ಯಸನಿಯು ದಾನಿಯಾದನು. ಹೆಂಡತಿ ಮಕ್ಕಳ ಮುಂದೆ ಎಂದೋ ಮರ್ಯಾದೆ ಕಳೆದುಕೊಂಡಿದ್ದವನಿಗೆ ಕೊಡುವ ಕೈಯ ಗೌರವವು ಮರಳಿ ಬಂತು. ನಾಲ್ಕು ಜನರ ಎದುರಿಗೆ ಜಂಗಮನಿಗೆ ಕೊಟ್ಟ ವಸ್ತುವನ್ನು ತಿರುಗಿ ಬೇಡುವುದು ನಮ್ಮ ನಾಡಿನಲ್ಲಿ ಎಂಥವನಿಗೂ ನಾಚಿಕೆಯ ಸಂಗತಿ. ಆ ನಾಚಿಕೆಯೇ ಕಾವಲಾಗಿ ನಿಂತಿತು.

ಹನ್ನೆರಡನೆಯ ಶತಮಾನದ ಶರಣರಲ್ಲಿ ಹೆಂಡದ ಮಾರಯ್ಯನೆಂಬವನಿದ್ದನು. ಹೆಂಡ ಮಾರುವುದು ಆತನ ವೃತ್ತಿ. ‘ಧರ್ಮೇಶ್ವರಲಿಂಗ’ ಆತನ ಅಂಕಿತ. ಆತನನ್ನು ಕಲ್ಯಾಣದವರು ದೂರವಿಡಲಿಲ್ಲ. ಶರಣಸಮೂಹವು ಆತನನ್ನು ಒಳಗೆ ಕರೆದುಕೊಂಡಿತೆಂಬುದು ಮಹಾಂತ ಜೋಳಿಗೆಯ ವಂಶಾವಳಿಯನ್ನು ಸೂಚಿಸುತ್ತದೆ.

ಕೊಟ್ಟದ್ದಾಯಿತು, ಮುಂದೇನು? ಬಿಟ್ಟ ಚಟದ ಸ್ಥಳವು ಬರಿದಾಗಿ ಉಳಿದರೆ ಹಳೆಯ ಬಾಡಿಗೆದಾರನೇ ತಿರುಗಿ ಬರುತ್ತಾನೆ. ಕುಡಿಯುವವನಿಗೆ ಸಂಜೆಯ ವೇಳೆ, ತಂಬಾಕು ತಿಕ್ಕುವವನಿಗೆ ಊಟದ ನಂತರದ ಗಳಿಗೆ ಕಠಿಣವಾದವು. ಪತಂಜಲಿಯು ಚಿತ್ತವನ್ನು ಹಿಡಿತಕ್ಕೆ ತರಲು ಅಭ್ಯಾಸ, ವೈರಾಗ್ಯಗಳೆಂಬ ಎರಡು ಸಾಧನಗಳನ್ನು ಹೇಳಿ, ಅಭ್ಯಾಸವು ಬಹುಕಾಲ, ಎಡೆಬಿಡದೆ, ಆದರದಿಂದ ನಡೆದಾಗ ಮಾತ್ರ ನೆಲೆಯೂರುವುದೆಂದು ಸ್ಪಷ್ಟಪಡಿಸಿದ್ದಾನೆ. ಇಷ್ಟಲಿಂಗಪೂಜೆಯು ಇಂಥದೊಂದು ಅಭ್ಯಾಸ. ಎಡಗೈಯ ಅಂಗೈಯಲ್ಲಿ ಲಿಂಗವಿದೆ, ದೃಷ್ಟಿ ಅದರಲ್ಲಿ ನೆಟ್ಟಿದೆ, ನಾಲಗೆಯಲ್ಲಿ ಷಡಕ್ಷರಿಯಿದೆ. ಕೈ, ಕಣ್ಣು, ಬಾಯಿ ಮೂರಕ್ಕೂ ಕೆಲಸ ದೊರೆಯಿತು. ಬೀಡಿ ಸೇದುವವನಿಗೂ ಈ ಮೂರೇ ತಾನೆ ಬೇಕಾಗಿದ್ದುದು? ಧೂಮಪಾನದ ತೀವ್ರವಾದ ಬಯಕೆಯು ಪ್ರತಿಸಲವೂ ಕೆಲವೇ ನಿಮಿಷ ನಿಂತು ತಾನಾಗಿ ಇಳಿಯುತ್ತದೆಂದು ವೈದ್ಯರು ಹೇಳುತ್ತಾರೆ. ಅಷ್ಟು ನಿಮಿಷಗಳನ್ನು ಜಪದಲ್ಲಿ ದಾಟಿಸಿದರೆ ಆ ಹೊತ್ತಿನ ಗಂಡಾಂತರ ಕಳೆಯಿತು. ಲಿಂಗಧಾರಿಯಲ್ಲದವನು ಸಂಜೆ ಹುಬ್ಬಳ್ಳಿಯ ಸಿದ್ಧಾರೂಢರ ಮಠದಲ್ಲಿ ಭಜನೆಗೆ ಕೂಡಬಹುದು. ತರುಣನು ಗರಡಿಮನೆಗೆ ಹೋಗಬಹುದು. ನಡಿಗೆಗೆ ಉಣಕಲ್ ಕೆರೆಯ ದಂಡೆಯಿದೆ, ಧಾರವಾಡದವರಿಗೆ ಸಾಧನಕೇರಿಯಿದೆ. ಹಳೆಯ ಗೆಳೆಯರು ಕೂಡುವ ಪಾನಪಟ್ಟಿ ಅಂಗಡಿಯ ಹಾದಿಯನ್ನು ಮಾತ್ರ ಕೆಲವು ತಿಂಗಳು ಬಿಡಬೇಕು.

ವಿದ್ಯಾರ್ಥಿಗಳ ಮಟ್ಟಿಗೆ ಅತ್ಯಂತ ಸಮೀಪದ ಶತ್ರು ಗುಟಕಾ. ಕರ್ನಾಟಕದಲ್ಲಿ ಅದು 2013ರಲ್ಲಿಯೇ ನಿಷಿದ್ಧವಾಯಿತು. ಆದರೆ ಪಾನ್ ಮಸಾಲೆಯೂ ತಂಬಾಕೂ ಬೇರೆಬೇರೆ ಚೀಟುಗಳಲ್ಲಿ ಬಂದು ಕೊಳ್ಳುವವನ ಅಂಗೈಯಲ್ಲಿ ಒಂದಾದವು. ತಂಬಾಕಿಲ್ಲದ ಅಡಿಕೆ ನಿರಪಾಯವೆಂಬುದೂ ಭ್ರಮೆಯೇ. ಅಡಿಕೆಯು ತಾನೇ ಅರ್ಬುದಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧನಾ ಅಂಗವು 2004ರಲ್ಲಿ ಪ್ರಕಟಿಸಿದೆ. ನಿತ್ಯವೂ ಅಗಿಯುವವನ ಕೆನ್ನೆಯ ಒಳಪದರು ನಾರುಗಟ್ಟುತ್ತ ಬಂದು, ಖಾರ ತಾಗಿದರೆ ಉರಿದು, ಕಡೆಗೆ ರೊಟ್ಟಿಯ ತುತ್ತಿಗೂ ಬಾಯಿ ತೆರೆಯದಂತಾಗುತ್ತದೆ. ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆಯಿದೆ. ಅಲ್ಲಿಗೆ ಹೋಗುವ ಮುನ್ನವೇ ಬಾಯಿಯಲ್ಲಿನ ಬಿಳಿ ಮಚ್ಚೆಯನ್ನೋ ಮಾಯದ ಹುಣ್ಣನ್ನೋ ದಂತವೈದ್ಯರಿಗೆ ತೋರಿಸುವುದು ಲೇಸು.

ಮದ್ಯದ ವಿಷಯದಲ್ಲಿ ಎಚ್ಚರಿಕೆಯೊಂದು ಅವಶ್ಯ. ಹಲವು ವರ್ಷ ದಿನವೂ ಬಹಳವಾಗಿ ಕುಡಿದವನು ಭಕ್ತಿಯ ಆವೇಶದಲ್ಲಿ ಒಮ್ಮೆಲೇ ನಿಲ್ಲಿಸಿದರೆ ಮೊದಲ ದಿನವೇ ಕೈ ನಡುಗಿ ಬೆವರಿಳಿಯಬಹುದು, ಎರಡು ಮೂರು ದಿನಗಳೊಳಗೆ ಫಿಟ್ಸ್ ಬರುವುದು, ಇಲ್ಲದುದು ಕಾಣುವುದು, ಭ್ರಾಂತಿಗೊಳ್ಳುವುದು ಸಂಭವಿಸಬಹುದು, ಪ್ರಾಣಾಪಾಯವೂ ಉಂಟು. ಇದನ್ನು ದೆವ್ವದ ಬಾಧೆಯೆಂದು ತಾಯಿತ ಕಟ್ಟಿಸಲು ಒಯ್ಯುವ ಕುಟುಂಬಗಳು ಇಂದಿಗೂ ಇವೆ. ಇಂಥವನು ವೈದ್ಯರ ಕಣ್ಣಮುಂದೆಯೇ ಕುಡಿತವನ್ನು ಬಿಡತಕ್ಕದ್ದು. ಧಾರವಾಡದಲ್ಲಿ 1845ರಲ್ಲಿ ಆರಂಭವಾದ ಮಾನಸಿಕ ಆಸ್ಪತ್ರೆಯು ಇಂದು ‘ಡಿಮ್ಹಾನ್ಸ್’ ಎಂಬ ಹೆಸರಿನಿಂದ ದೊಡ್ಡ ಸಂಸ್ಥೆಯಾಗಿ ಬೆಳೆದಿದೆ. ಮೊದಲ ವಾರ ನಡುಕವನ್ನು ತಗ್ಗಿಸುವ ಔಷಧಿ, ಬಿ-1 ಜೀವಸತ್ವದ ಚುಚ್ಚುಮದ್ದು, ಅನಂತರ ಮನೆಯವರೊಂದಿಗೆ ಕುಳಿತು ಮಾತುಕತೆ, ಹೀಗೆ ಚಿಕಿತ್ಸೆ ಸಾಗುತ್ತದೆ. ತಂಬಾಕನ್ನು ಬಿಡಲು ಸಲಹೆ ಬೇಕಾದವರು 1800-11-2356 ಎಂಬ ರಾಷ್ಟ್ರೀಯ ಸಹಾಯವಾಣಿಗೆ ಉಚಿತವಾಗಿ ದೂರವಾಣಿ ಮಾಡಬಹುದು.

ಧರ್ಮಸ್ಥಳದ ಯೋಜನೆಯವರು ಊರೂರಿನಲ್ಲಿ ನಡೆಸುವ ಮದ್ಯವರ್ಜನ ಶಿಬಿರಗಳ ಕ್ರಮವೂ ಗಮನಾರ್ಹ. ಎಂಟು ದಿನಗಳ ಶಿಬಿರದಲ್ಲಿ ಭಜನೆ, ವ್ಯಾಯಾಮಗಳ ಜೊತೆಗೆ ವೈದ್ಯರ ತಪಾಸಣೆಯೂ ಇರುತ್ತದೆ. ಶಿಬಿರ ಮುಗಿದ ಮೇಲೆ ಕುಡಿತ ಬಿಟ್ಟವರೆಲ್ಲ ‘ನವಜೀವನ ಸಮಿತಿ’ಯೆಂದು ತಮ್ಮೂರಿನಲ್ಲಿಯೇ ಮತ್ತೆ ಮತ್ತೆ ಕೂಡುತ್ತಾರೆ. ಒಬ್ಬನು ಕೂಟಕ್ಕೆ ಬಾರದಿದ್ದರೆ ಉಳಿದವರು ಅವನ ಮನೆಯ ಬಾಗಿಲಿಗೆ ಹೋಗಿ ಕರೆಯುತ್ತಾರೆ.