ಹೃದಯದ ರಕ್ತನಾಳ ಹುಟ್ಟಿನಿಂದಲೇ ಬೇರೆ ಕಡೆ ಇದ್ದರೆ? ಹೃದಯಾಘಾತವಾದಾಗ ಚಿಕಿತ್ಸೆ ಹೇಗೆ?

ಚಿತ್ರದುರ್ಗ: ಎದೆನೋವು ಅಂತ ಆಂಜಿಯೋಗ್ರಾಂ ಮಾಡಿಸಿದ ಕೆಲವರಿಗೆ ವೈದ್ಯರು, 'ನಿಮ್ಮ ರಕ್ತನಾಳ ಹುಟ್ಟಿನಿಂದಲೇ ಬೇರೆ ಜಾಗದಿಂದ ಬಂದಿದೆ' ಅನ್ನುತ್ತಾರೆ. ಮನೆಯವರಿಗೆ ಗಾಬರಿ. ಆದರೆ ನೂರು ಜನರಲ್ಲಿ ಸುಮಾರು ಒಬ್ಬರಿಗೆ ಇಂಥ ವ್ಯತ್ಯಾಸ ಇರುತ್ತದೆ. ಬಹುತೇಕರಿಗೆ ಇದರಿಂದ ಏನೂ ತೊಂದರೆ ಆಗುವುದಿಲ್ಲ.

ಏನಿದು?
ಮಹಾಪಧಮನಿಯ ಬುಡದಲ್ಲಿ ಎಡಕ್ಕೊಂದು, ಬಲಕ್ಕೊಂದು ನಾಳ ಹೊರಟು ಹೃದಯದ ಸ್ನಾಯುವಿಗೆ ರಕ್ತ ಕೊಡುತ್ತವೆ. ಕೆಲವರಲ್ಲಿ ಬಲನಾಳ ಎಡಗಡೆಯಿಂದ, ಇಲ್ಲವೇ ಎಡಗಡೆಯ ನಾಳ ಬಲಗಡೆಯಿಂದ ಹುಟ್ಟಿರುತ್ತದೆ. ಅಡಿಕೆ ತೋಟದ ಪೈಪ್‌ಲೈನಿನಲ್ಲಿ ವಾಲ್ವ್ ಬೇರೆ ಕಡೆ ಕೂರಿಸಿದ ಹಾಗೆ. ನೀರು ಹರಿಯುತ್ತದೆ, ಹುಡುಕುವವರಿಗೆ ಕಷ್ಟ.

ತೊಡಕು ಎಲ್ಲಿ?
ಹೃದಯಾಘಾತವಾದಾಗ ನಾಳದೊಳಗೆ ರಕ್ತ ಹೆಪ್ಪುಗಟ್ಟಿರುತ್ತದೆ. ಸ್ಟೆಂಟ್ ಹಾಕಲು ವೈದ್ಯರು ಕೈ ಅಥವಾ ತೊಡೆಯ ಮೂಲಕ ಸಣ್ಣ ಕೊಳವೆ ಕಳಿಸಿ ನಾಳದ ಬಾಯಿ ಹುಡುಕುತ್ತಾರೆ. ಬಾಯಿ ಇದ್ದಲ್ಲಿ ಇಲ್ಲದಿದ್ದರೆ ಬೇರೆ ಆಕಾರದ ಕೊಳವೆ ಬೇಕು, ಸಮಯ ಹೆಚ್ಚು ಹಿಡಿಯುತ್ತದೆ. ಬಾಯಿ ಸಿಕ್ಕ ಮೇಲೆ ಸ್ಟೆಂಟ್ ಹಾಕುವುದು ಎಲ್ಲರಿಗೆ ಹಾಕಿದಂತೆಯೇ.

ಆಮೇಲೆ ಸಿ.ಟಿ. ಆಂಜಿಯೋಗ್ರಾಂ ಮಾಡಿಸಿದರೆ ನಾಳ ಸಾಗುವ ದಾರಿ ತಿಳಿಯುತ್ತದೆ. ಎರಡು ದೊಡ್ಡ ರಕ್ತನಾಳಗಳ ನಡುವೆ ಹಾದುಹೋಗಿದ್ದರೆ, ಅದರಲ್ಲೂ ಎಡನಾಳವಾದರೆ, ಅಪಾಯ ಹೆಚ್ಚು. ಕೆಲವರಿಗೆ ಆಪರೇಷನ್ ಬೇಕಾಗಬಹುದು. ಆಟ, ಓಟದ ವೇಳೆ ಎದೆನೋವು ಬರುವ ಅಥವಾ ತಲೆಸುತ್ತಿ ಬೀಳುವ ಹುಡುಗರನ್ನು ತಪ್ಪದೆ ಪರೀಕ್ಷೆ ಮಾಡಿಸಬೇಕು.

ಮೊದಲು ಮಾಡಬೇಕಾದ್ದು
ಈ ವ್ಯತ್ಯಾಸ ಇ.ಸಿ.ಜಿ.ಯಲ್ಲಿ ಕಾಣುವುದಿಲ್ಲ. ಹಾಗಾಗಿ ಮೊದಲ ಹೆಜ್ಜೆ ಎಲ್ಲರಿಗೂ ಒಂದೇ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯವರು ದಾವಣಗೆರೆಗೋ ಬೆಂಗಳೂರಿಗೋ ಕಾರು ಹುಡುಕುತ್ತಾ ಕೂರುವ ಬದಲು 108ಕ್ಕೆ ಕರೆ ಮಾಡಿ, ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಇ.ಸಿ.ಜಿ. ಮಾಡಿಸಬೇಕು. ಹೆಪ್ಪು ಕರಗಿಸುವ ಇಂಜೆಕ್ಷನ್ ರಕ್ತದ ಜೊತೆಗೇ ಹರಿದುಹೋಗುತ್ತದೆ. ನಾಳ ಎಲ್ಲಿಂದ ಹುಟ್ಟಿದ್ದರೂ ಅದು ಕೆಲಸ ಮಾಡುತ್ತದೆ.

ರಾಜ್ಯ ಸರ್ಕಾರ ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ತಂದ 'ಹೃದಯ ಜ್ಯೋತಿ' ಯೋಜನೆಯಲ್ಲಿ ಟೆನೆಕ್ಟೆಪ್ಲೇಸ್ ಎಂಬ ಈ ದುಬಾರಿ ಇಂಜೆಕ್ಷನ್ ಉಚಿತ. ನೋವು ಶುರುವಾಗಿ 12 ಗಂಟೆಯೊಳಗೆ, ಅದರಲ್ಲೂ ಮೊದಲ 3 ಗಂಟೆಯಲ್ಲಿ ಕೊಟ್ಟರೆ ಲಾಭ ಹೆಚ್ಚು. ಎಲ್ಲ ಬಗೆಯ ಹೃದಯಾಘಾತಕ್ಕೂ ಇದು ಹೊಂದುವುದಿಲ್ಲ. ಮಿದುಳಿನಲ್ಲಿ ರಕ್ತಸ್ರಾವ ಆಗಿದ್ದರೆ ಮೊದಲೇ ಹೇಳಬೇಕು. ಇಂಜೆಕ್ಷನ್ ಆದ ಮೇಲೂ ದೊಡ್ಡ ಆಸ್ಪತ್ರೆಗೆ ಹೋಗಿ ಆಂಜಿಯೋಗ್ರಾಂ ಮಾಡಿಸಬೇಕು.

'ಗ್ಯಾಸ್ ಇರಬೇಕು ಬಿಡು' ಅಂತ ಸೋಡಾ ಕುಡಿದು ಅಂಗಡಿಯಲ್ಲೇ ಕೂರಬೇಡಿ. ರಕ್ತನಾಳದ ವ್ಯತ್ಯಾಸ ಇದೆ ಅಂತ ಈಗಾಗಲೇ ಗೊತ್ತಿರುವವರು ಆಂಜಿಯೋಗ್ರಾಂ ರಿಪೋರ್ಟ್, ಸಿ.ಡಿ. ಜೋಪಾನವಾಗಿಟ್ಟು, ರಿಪೋರ್ಟಿನ ಫೋಟೊ ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಮುಂದೆ ನೋಡುವ ವೈದ್ಯರಿಗೆ ಹುಡುಕಾಟದ ಸಮಯ ಉಳಿಯುತ್ತದೆ.