ಬರಗಾಲಕ್ಕೆ ಸಿದ್ಧವಾದ ದೇಹ

ಬಾಗಲಕೋಟೆ, ಬಾದಾಮಿ, ಹುನಗುಂದ ಸೀಮೆಯ ಒಕ್ಕಲಿಗರು ಹಿಂದೆ ಜೋಳದ ರಾಶಿ ಮುಗಿದೊಡನೆ ಕಾಳನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚುತ್ತಿದ್ದರು. ಮರುವರ್ಷ ಮಳೆ ತಪ್ಪಿದರೆ ಆ ಕಾಳೇ ಗತಿ. ನಮ್ಮ ದೇಹದಲ್ಲಿಯೂ ಇಂತಹುದೇ ಏರ್ಪಾಡುಂಟು. ಆಹಾರದಿಂದ ಬಂದ ಸಕ್ಕರೆಯಲ್ಲಿ ಆಗಿನ ಕೆಲಸಕ್ಕೆ ಬೇಕಾದುದು ವೆಚ್ಚವಾಗುತ್ತದೆ. ಒಂದು ಪಾಲನ್ನು ಯಕೃತ್ತು ಕೂಡಿಡುತ್ತದೆ. ಅದು ಸುಮಾರು ಒಂದು ದಿನದ ಉಪವಾಸಕ್ಕೆ ಮಾತ್ರ ಸಾಕು. ಮಿಕ್ಕುದು ಕೊಬ್ಬಾಗಿ ಶೇಖರವಾಗುತ್ತದೆ. ವಾರಗಟ್ಟಲೆ ಹಸಿವನ್ನು ತಾಳಬಲ್ಲ ಹಗೇವು ಇದೇ. ಈ ಕೂಡಿಡುವ ಕಾರ್ಯವನ್ನು ನಡೆಸುವುದು ಇನ್ಸುಲಿನ್ ಎಂಬ ರಸ.

ಹಗೇವು ಬರಿದಾದರೆ ಏನಾಗುವುದೆಂಬುದಕ್ಕೆ ಈ ಸೀಮೆಯ ಇತಿಹಾಸವೇ ಸಾಕ್ಷಿ. ಆಗ ಇದು ಮುಂಬಯಿ ಪ್ರಾಂತದ ಕಲಾದಗಿ ಜಿಲ್ಲೆ. 1876ರಲ್ಲಿ, ಧಾತು ಸಂವತ್ಸರದಲ್ಲಿ, ಮಳೆ ಕೈಕೊಟ್ಟಿತು. ಹಸಿವಿನಿಂದಲೂ ಅದರ ಬೆನ್ನಿಗೆ ಬಂದ ಕಾಲರಾ, ಜ್ವರಗಳಿಂದಲೂ ಅಪಾರ ಜನ ಮಡಿದರು. ಅನೇಕರು ಊರು ತೊರೆದರು. 1872ರ ಜನಗಣತಿಗೆ ಹೋಲಿಸಿದರೆ 1881ರಲ್ಲಿ ಜಿಲ್ಲೆಯ ಜನಸಂಖ್ಯೆ ಬಹಳವಾಗಿ ಕುಗ್ಗಿತ್ತು.

ಇಂತಹ ಬರಗಳು ಮಾನವನ ದೇಹಪ್ರಕೃತಿಯನ್ನೇ ತಿದ್ದಿರಬಹುದೆ? ಹೌದೆಂದು 1962ರಲ್ಲಿ ಅಮೆರಿಕದ ತಳಿವಿಜ್ಞಾನಿ ಜೇಮ್ಸ್ ನೀಲ್ ಊಹಿಸಿದನು. ಉಂಡುದನ್ನು ಬೇಗನೆ ಕೂಡಿಡಬಲ್ಲವರು ಬರದಲ್ಲಿ ಉಳಿದರು; ಅವರ 'ಮಿತವ್ಯಯಿ ಜೀನು'ಗಳು ಸಂತತಿಗೆ ಇಳಿದುವು; ಅನ್ನವು ಸದಾ ದೊರೆಯುವ ಕಾಲದಲ್ಲಿ ಅದೇ ಗುಣವು ಮಧುಮೇಹವಾಗಿ ತಿರುಗಿತು ಎಂಬುದು ಅವನ ವಾದ. ವಾದ ಸೊಗಸಾಗಿದೆ, ಆದರೆ ಸಿದ್ಧವಾಗಿಲ್ಲ. ಬರದಲ್ಲಿ ಹೆಚ್ಚಾಗಿ ಸಾಯುವವರು ಎಳೆಯರು ಮತ್ತು ಮುದುಕರು. ಅವರನ್ನು ಕೊಲ್ಲುವುದು ಬಹುಮಟ್ಟಿಗೆ ಸೋಂಕುರೋಗ. ಮೈಯ ಕೊಬ್ಬೊಂದೇ ಬದುಕನ್ನು ನಿರ್ಣಯಿಸುವುದಿಲ್ಲ.

1992ರಲ್ಲಿ ಇಂಗ್ಲೆಂಡಿನ ಹೇಲ್ಸ್ ಮತ್ತು ಬಾರ್ಕರ್ ಬೇರೊಂದು ದಾರಿಯನ್ನು ತೋರಿದರು. ತಾಯಿ ಅರೆಹೊಟ್ಟೆಯಲ್ಲಿದ್ದರೆ ಗರ್ಭದಲ್ಲಿರುವ ಶಿಶು ಮಿದುಳನ್ನು ಕಾಪಾಡಿಕೊಂಡು ಇತರ ಅಂಗಗಳ ಬೆಳವಣಿಗೆಯಲ್ಲಿ ಮಿತವ್ಯಯ ಮಾಡುತ್ತದೆ. ಮುಂದೆ ಸಮೃದ್ಧಿ ಬಂದಾಗ ಆ ದೇಹ ತಡೆಯಲಾರದು ಎಂದು ಅವರ ಮತ. ಇದರ ಪರೀಕ್ಷೆಗೆ ನಮ್ಮ ಮೈಸೂರೇ ನೆರವಾಯಿತು. ಅಲ್ಲಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಡಲಾಗಿತ್ತು. 1954ರವರೆಗೆ ಅಲ್ಲಿ ಹುಟ್ಟಿದವರಲ್ಲಿ 517 ಜನರನ್ನು ಪರೀಕ್ಷಿಸಿದ ವರದಿ 1996ರಲ್ಲಿ ಪ್ರಕಟವಾಯಿತು. ಹುಟ್ಟುತೂಕ 2.5 ಕಿಲೋಗ್ರಾಮು ಅಥವಾ ಕಡಿಮೆಯಿದ್ದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ರಕ್ತನಾಳಗಳ ರೋಗವಿದ್ದಿತು, 3.1 ಕಿಲೋಗ್ರಾಮು ಅಥವಾ ಹೆಚ್ಚಿದ್ದವರಲ್ಲಿ ನೂರಕ್ಕೆ 3 ಮಂದಿಗೆ. ಮಧುಮೇಹದ ಲೆಕ್ಕ ಮಾತ್ರ ಬೇರೆಯಾಯಿತು: ಹುಟ್ಟುವಾಗ ಗಿಡ್ಡವಾಗಿ ಮೈತುಂಬಿಕೊಂಡಿದ್ದವರಲ್ಲಿ ಅದು ಹೆಚ್ಚು ಕಂಡಿತು. ನಿಸರ್ಗವು ನಮ್ಮ ಸೂತ್ರಗಳಿಗೆ ಅಷ್ಟು ಸುಲಭವಾಗಿ ಒಗ್ಗುವುದಿಲ್ಲ.

ಮನಸ್ಸಿನ ವಿಷಯದಲ್ಲಿಯೂ ಈ ವಿಚಾರ ಪ್ರಯೋಜನಕರ. ಹಗ್ಗವನ್ನು ಹಾವೆಂದು ನೂರು ಸಲ ಬೆದರಿದರೂ ನಷ್ಟ ಅಲ್ಪ. ಹಾವನ್ನು ಹಗ್ಗವೆಂದು ಒಮ್ಮೆ ತುಳಿದರೆ ಪ್ರಾಣವೇ ಹೋದೀತು. ಆದುದರಿಂದ ಬೇಗ ಬೆದರುವ ಮನಸ್ಸೇ ಉಳಿದುಬಂದಿದೆ ಎಂದು ಅಮೆರಿಕದ ಮನೋವೈದ್ಯ ರ‍್ಯಾಂಡಾಲ್ಫ್ ನೆಸ್ಸಿ ಹೇಳುತ್ತಾನೆ. ಅಕಾರಣ ಆತಂಕವು ಆ ಕಾವಲಿನ ಅತಿರೇಕ. ಆದರೆ ಎಲ್ಲ ಮನೋರೋಗವೂ ಕಾವಲಲ್ಲ. 1944-45ರ ಚಳಿಗಾಲದಲ್ಲಿ ಹಾಲೆಂಡಿನಲ್ಲಿ ಕ್ಷಾಮ ಬಿದ್ದಿತು. ಅದು ತೀವ್ರವಾಗಿದ್ದಾಗ ಗರ್ಭಸ್ಥರಾದವರಲ್ಲಿ ಮುಂದೆ ಸ್ಕಿಜೊಫ್ರೇನಿಯ ಎಂಬ ಉಗ್ರ ಮನೋರೋಗ ಸುಮಾರು ಇಮ್ಮಡಿಯಾಯಿತು. ಇದನ್ನು ಮುಂಜಾಗ್ರತೆ ಎನ್ನಲಾಗದು. ಇದು ಹಸಿವು ಮಾಡಿದ ಗಾಯ.

ಆದುದರಿಂದ ಪ್ರತಿಯೊಂದು ರೋಗವನ್ನು ಕುರಿತೂ ನಾವು ಕೇಳಬೇಕು: ಇದು ದೇಹದ ರಕ್ಷಣೆಯೆ, ಹಳೆಯ ಸಿದ್ಧತೆಗೂ ಹೊಸ ಬಾಳಿಗೂ ಬಿದ್ದ ವಿರಸವೆ, ಅಥವಾ ಕೇವಲ ಹಾನಿಯೆ? ಚಿಕಿತ್ಸೆ ಉತ್ತರವನ್ನು ಅನುಸರಿಸುತ್ತದೆ. ಮಧುಮೇಹಿಯನ್ನು ಸೋಮಾರಿಯೆಂದೂ ಭಯಪೀಡಿತನನ್ನು ಹೇಡಿಯೆಂದೂ ಹಳಿಯುವುದು ಅಜ್ಞಾನ. ಬಸುರಿಯ ಊಟವು ಒಂದು ತಲೆಮಾರಿನ ಆರೋಗ್ಯಕ್ಕೆ ಹಾಕುವ ಬುನಾದಿ. ಮನೆಯಲ್ಲಿ ಎಲ್ಲರೂ ಉಂಡ ಮೇಲೆ ಉಳಿದುದನ್ನು ಅವಳಿಗೆ ಬಡಿಸುವ ರೂಢಿ ಎಲ್ಲಿದೆಯೋ ಅಲ್ಲಿ ಮಳೆಬೆಳೆ ಚೆನ್ನಾಗಿದ್ದರೂ ಬರ ನೀಗಿಲ್ಲವೆಂದೇ ತಿಳಿಯಬೇಕು.